ನನ್ನ ಹೆಸರಲ್ಲೇ ಇಳಿದ ಆದ್ಯತೆ

ಟ್ರೊಂಡ್‌ಹೈಮ್, ಮಾರ್ಚ್ ೧೨, ಗುರುವಾರ

ನಾಳೆ ಪ್ರಬಂಧ ಒಪ್ಪಿಸಬೇಕು, ನನ್ನ ಅಲೆಗಳ ಲೆಕ್ಕಾಚಾರ ಇಂದೂ ಮುಗಿಯಲಿಲ್ಲ. ವಿಭಾಗದವರೆಲ್ಲರೂ ಹಂಚಿಕೊಳ್ಳುವ ಕಂಪ್ಯೂಟರಿನಲ್ಲಿ ಯಾರೋ ಒಂದು ಸಾಲಿನ ಆಜ್ಞೆ ಕೊಟ್ಟು ನನ್ನ ಲೆಕ್ಕದ ಆದ್ಯತೆಯನ್ನು ತೀರಾ ಕೆಳಕ್ಕೆ ಇಳಿಸಿದ್ದಾರೆ; ಉಳಿದವರ ಕೆಲಸ ಓಡಿದ ಮೇಲಷ್ಟೇ ಅದಕ್ಕೆ ಸರದಿ. ಇಳಿಸಲು ನನ್ನ ಖಾತೆಯೊಳಗೆ ಹೊಕ್ಕರೆ ಸಾಕು. ಮತ್ತೆ ಏರಿಸಲು ಮಾತ್ರ ಯಂತ್ರ ನೋಡಿಕೊಳ್ಳುವ ಸಿಗ್ವಾಲ್ಡನೇ ಬೇಕು.

ಕೇಳಲು ಹೋದರೆ ಅವನು ನಕ್ಕ. "ಸಜ್ಜನಿಕೆ ತೋರಿಸೋಕೆ ಹೋಗಿ ನೀನೇ ಇಳಿಸ್ಕೊಂಡಿರ್ತೀಯ ಕಣೆ. ನಿನ್ನ ಹೆಸರಲ್ಲೇ ಆಗಿದೆ ನೋಡು."

ಸಜ್ಜನಿಕೆಯಂತೆ! ದೊಡ್ಡ ಕೆಲಸವನ್ನು ತಾವೇ ಹಿಂದೆ ನಿಲ್ಲಿಸುವುದು ಇಲ್ಲಿನ ವಾಡಿಕೆ, ನಿಜ. ಆದರೆ ಈ ವಾರ ನಾನಂತೂ ಮಾಡಿಲ್ಲ.

ಮಧ್ಯಾಹ್ನ ಪಕ್ಕದ ಮೇಜಿನ ಇಂಗುನ್ ಕಂದು ಚೀಸ್ ಹಾಕಿದ ವಾಫಲ್ ತಂದುಕೊಟ್ಟು, "ಪಾಪ, ಇನ್ನೂ ಮುಗಿದಿಲ್ವಾ?" ಎಂದಳು. ಅದೇ ಯಂತ್ರದಲ್ಲಿ ಅವಳ ಲೆಕ್ಕ ಸರಾಗವಾಗಿ ಓಡುತ್ತಿದೆ. ವಾಫಲ್ ತಿಂದೆ. ಕಳೆದ ಬೇಸಿಗೆಯಲ್ಲಿ ಅವಳಿಗೆ ನಾನೇ ಹೇಳಿದ್ದ ನನ್ನ ಖಾತೆಯ ಪಾಸ್‌ವರ್ಡನ್ನು ಸದ್ದಿಲ್ಲದೆ ಬದಲಿಸಿದೆ.

ಸಂಜೆ ಕೋಟು ಹಾಕಿಕೊಳ್ಳುತ್ತಾ ಕೇಳಿದಳು: "ಪಾಸ್‌ವರ್ಡ್ ಯಾಕೆ ಬದಲಾಯಿಸ್ದೆ?"