ಅವ್ವನ ಮೊದಲ ಜಿಂಕೆ

ಶ್ಯಾಂಟಿಲಿ, ವರ್ಜೀನಿಯಾ
28 ನವೆಂಬರ್ 2022

ನನ್ನ ಮುದ್ದು ಸೌಮ್ಯಾಳಿಗೆ,

ನಿನ್ನ ಅವ್ವನ ತುಂಬು ಮನಸ್ಸಿನ ಆಶೀರ್ವಾದ. ನಾನೂ ನಿಮ್ಮಪ್ಪನೂ ಇಲ್ಲಿ ಆರಾಮವಾಗಿದ್ದೇವೆ. ಸೌತ್ ಕ್ಯಾರೊಲೈನಾದ ಆ ಮರಳುನೆಲದಲ್ಲಿ ಓಡಿ ಓಡಿ ನಿನ್ನ ಪಾದಗಳಲ್ಲಿ ಬೊಕ್ಕೆ ಎದ್ದಿವೆ ಎಂದು ಬರೆದಿದ್ದೆ. ಈಗ ಮಾಗಿವೆಯೇ? ಸೈನ್ಯದವರು ಕೊಟ್ಟ ಬೂಟು ದೊಡ್ಡದಾಗಿದ್ದರೆ ಬಾಯಿಬಿಟ್ಟು ಹೇಳು, ಸುಮ್ಮನೆ ಸಹಿಸಿಕೊಳ್ಳಬೇಡ.

ನಿನ್ನ ಪತ್ರ ಬಂದು ಎರಡು ವಾರದ ಮೇಲಾಯಿತು. ಟ್ರೇನಿಂಗ್ ಮುಗಿಯುವವರೆಗೆ ನಿಮ್ಮ ಕೈಗೆ ಫೋನ್ ಕೊಡುವುದೇ ಅಪರೂಪ, ಪತ್ರವೊಂದೇ ಆಸರೆ ಎಂದು ಗೊತ್ತಿದ್ದೂ ತಡ ಮಾಡಿದೆ. ಬೇಜಾರಾಗಬೇಡ. ಕಾರಣ ಕೇಳಿದರೆ ನಗುತ್ತೀ. ನಿನ್ನ ಅವ್ವ ಬೇಟೆಗೆ ಹೋಗಿದ್ದಳು!

ನಾಲ್ಕನೇ ಇಯತ್ತೆಯವರೆಗೆ ಯಾದಗಿರಿಯಲ್ಲಿ ಕಲಿತ ಕನ್ನಡವನ್ನು ನೀನು ಇನ್ನೂ ಮರೆತಿಲ್ಲ ಎನ್ನುವುದೇ ನನಗೆ ದೊಡ್ಡ ಹಿಗ್ಗು. ಒತ್ತಕ್ಷರ ಅಲ್ಲಲ್ಲಿ ತಪ್ಪಿವೆ, ಇರಲಿ. ನಿನಗೆ ಓದಲು ಸುಲಭವಾಗಲಿ ಎಂದು ನಾನು ಅಕ್ಷರ ಬಿಡಿಸಿ ಬಿಡಿಸಿ ಬರೆಯುತ್ತಿದ್ದೇನೆ.

ನೀನು ಹೈಸ್ಕೂಲಿನಲ್ಲಿದ್ದಾಗಿನಿಂದ ಪ್ರತಿ ನವೆಂಬರಿನಲ್ಲಿ ನಿಮ್ಮಪ್ಪ ವಾರೆಂಟನ್ ಆಚೆ ಲೊರೇನ್ ಅವರ ಸೇಬಿನ ತೋಟಕ್ಕೆ ಜಿಂಕೆ ಬೇಟೆಗೆ ಹೋಗುತ್ತಿದ್ದದ್ದು ನಿನಗೆ ಗೊತ್ತೇ ಇದೆ. ಹೊಡೆಯುವುದು ಅವರ ಕೆಲಸ, ಬೇಯಿಸಿ ಹಂಚುವುದು ನನ್ನದು. ಈ ಮಾರ್ಚಿನಲ್ಲಿ ಅವರಿಗೆ ಸ್ಟ್ರೋಕ್ ಆದ ಮೇಲೆ ನೀನು ಅಟ್ಲಾಂಟಾದ ಕಾಲೇಜಿನಿಂದ ಬಂದು ಒಂದು ವಾರ ಇದ್ದು ಹೋದೆಯಲ್ಲ, ಆಗಿನದಕ್ಕಿಂತ ಈಗ ಎಷ್ಟೋ ಮೇಲು. ಕೋಲು ಹಿಡಿದು ಚೆನ್ನಾಗಿ ನಡೆಯುತ್ತಾರೆ. ಆದರೆ ಬಲಗೈ ಚಹಾದ ಕಪ್ಪು ಹಿಡಿದೀತೇ ಹೊರತು ಬಂದೂಕಿನ ಭಾರ ತಾಳದು. ಮಾತು ಬಂದಿದೆ, ನಿಧಾನ. ಒಮ್ಮೊಮ್ಮೆ ಬೇಕಾದ ಶಬ್ದ ಬೇಕಾದ ಹೊತ್ತಿಗೆ ನಾಲಗೆಗೆ ಸಿಗುವುದಿಲ್ಲ. ಆಗ "ಅದs, ಅದs" ಎಂದು ಗಾಳಿಯಲ್ಲಿ ಕೈಯಾಡಿಸುತ್ತಾರೆ. ನಾನು ಕಾಯುತ್ತೇನೆ.

ಸೆಪ್ಟೆಂಬರಿನಲ್ಲಿ ಲೊರೇನ್ ಫೋನ್ ಮಾಡಿದರು. ಪಾಪ, ಎಪ್ಪತ್ತಾರು ವರ್ಷದ ಒಂಟಿ ಹೆಂಗಸು. ವಸಂತದಲ್ಲಿ ನೆಟ್ಟ ಸಸಿಗಳ ತೊಗಟೆಯನ್ನೆಲ್ಲ ಜಿಂಕೆಗಳು ಸುಲಿದು ಹಾಕಿವೆಯಂತೆ. "ದಾನಪ್ಪ ಈ ವರ್ಷ ಯಾವಾಗ ಬರುತ್ತಾರೆ?" ಎಂದು ಕೇಳಿದರು. ನಿಮ್ಮಪ್ಪ ಫೋನ್ ತೆಗೆದುಕೊಂಡು "ಈ ವರ್ಷ ಇಲ್ಲ" ಎಂದಷ್ಟೇ ಹೇಳಿ ಇಟ್ಟರು. ಆಮೇಲೆ ಗ್ಯಾರೇಜಿಗೆ ಹೋಗಿ ಕಿತ್ತಳೆ ಬಣ್ಣದ ಬೇಟೆ ಜಾಕೆಟ್ಟನ್ನು ತೆಗೆದು, ಧೂಳು ಜಾಡಿಸಿ, ಮತ್ತೆ ಮಡಚಿ ಒಳಗಿಟ್ಟರು. ನಾನು ಬಾಗಿಲ ಮರೆಯಿಂದ ಎಲ್ಲ ನೋಡಿದೆ.

ಊಟಕ್ಕೆ ಕೂತಾಗ ಹೇಳಿಬಿಟ್ಟೆ: "ಈ ಸಲ ನಾ ಹೊಡೀತೀನಿ. ನೀವು ಬಾಜೂಕ ಕುಂತು ಹೇಳಿಕೊಡ್ರಿ."

ಅವರು ನನ್ನ ಮುಖವನ್ನೇ ನೋಡಿದರು. "ನೀ? ಜಿರಳಿ ಕಂಡ್ರ ಕುರ್ಚಿ ಏರಾಕಿ ನೀ!" ಎಂದು ನಕ್ಕರು, ಸೌಮ್ಯಾ. ಮಾರ್ಚಿನಿಂದ ಆ ನಗೆ ಕೇಳಿರಲಿಲ್ಲ. ಇನ್ನು ನಾನು ಮಾತು ಹಿಂತೆಗೆಯುವಂತಿರಲಿಲ್ಲ.

ಹಾಗೆ ಈ ವಯಸ್ಸಿನಲ್ಲಿ ನಾನು ಸೇಫ್ಟಿ ಕೋರ್ಸಿಗೆ ಸೇರಿ, ಪರೀಕ್ಷೆ ಬರೆದು, ಲೈಸೆನ್ಸ್ ತೆಗೆದೆ. ಗುರಿ ಕಲಿಯುವ ಜಾಗದಲ್ಲಿ ಮೊದಲ ಗುಂಡು ಹಾರಿಸುವಾಗ ಕಣ್ಣು ಮುಚ್ಚಿಕೊಂಡೆ. ಬಂದೂಕು ಒದ್ದು ಹೆಗಲು ನೀಲಿಗಟ್ಟಿತು. ಮರುದಿನ ಆಸ್ಪತ್ರೆಯ ಲ್ಯಾಬಿನಲ್ಲಿ ಕೋಟು ಬದಲಿಸುವಾಗ ಜೊತೆಯ ಹುಡುಗಿ ಅದನ್ನು ಕಂಡು, ನನ್ನನ್ನು ಪಕ್ಕಕ್ಕೆ ಕರೆದು, ಮನೆಯಲ್ಲಿ ಎಲ್ಲ ಸರಿಯಿದೆಯೇ ಎಂದು ಮೆಲ್ಲಗೆ ವಿಚಾರಿಸಿದಳು! ಬಂದೂಕಿನ ಪೆಟ್ಟು ಎಂದು ನಂಬಿಸಲು ಸಾಕುಸಾಕಾಯಿತು. ನಿಮ್ಮಪ್ಪನಿಗೆ ಹೇಳಿದರೆ, "ಪೊಲೀಸರು ಬಂದ್ರ ನಾ ಎಡಗೈಲೆ ಹೊಡದೀನಿ ಅಂತ ಹೇಳು" ಅಂದರು.

ಅವರಷ್ಟು ತಾಳ್ಮೆಯ ಗುರು ನನಗೆ ಸಿಗುತ್ತಿರಲಿಲ್ಲ. "ಉಸುರು ಹಿಡಿ... ಅರ್ಧ ಬಿಡು... ಈಗ" ಎಂದು ಮತ್ತೆ ಮತ್ತೆ ಹೇಳಿಸಿಕೊಂಡೆ. ಎಷ್ಟು ಸಲ ಹೇಳಿದರೋ ಆ ಮಾತುಗಳು ಅವರ ನಾಲಗೆಯಲ್ಲಿ ಅಷ್ಟು ನಯವಾದವು. ಲೊರೇನ್ ತೋಟದ ಏರು ಹತ್ತಬೇಕಲ್ಲ, ಅದಕ್ಕಾಗಿ ದಿನಾ ಪಾರ್ಕಿನ ಹುಲ್ಲುದಿಣ್ಣೆಯ ಮೇಲೆ ಕೋಲೂರಿ ನಡೆದರು. ಫಿಸಿಯೋಥೆರಪಿಯವಳು ಆರು ತಿಂಗಳು ಬೇಡಿಕೊಂಡರೂ ಮಾಡದ ವ್ಯಾಯಾಮವನ್ನು ಜಿಂಕೆಯ ಸಲುವಾಗಿ ಮಾಡಿದರು. ಕಾಡಿನಲ್ಲಿ ಕೂತಾಗ ಶಬ್ದ ಸಿಗದೆ ತಡವಾದರೆ? ಅದಕ್ಕೂ ಉಪಾಯ ಮಾಡಿದರು. ಮೊಣಕಾಲಿಗೆ ಒಮ್ಮೆ ತಟ್ಟಿದರೆ ತಡೆ, ಎರಡು ಸಲ ತಟ್ಟಿದರೆ ಹೊಡಿ.

ದೊಡ್ಡ ಫಜೀತಿ ಎಂದರೆ ವಾಸನೆಯದು. ನಮ್ಮ ಬಟ್ಟೆಯ ಬೆಳ್ಳುಳ್ಳಿ ಮಸಾಲೆಯ ಘಾಟು ಜಿಂಕೆಗೆ ಅರ್ಧ ಮೈಲಿ ದೂರಕ್ಕೇ ಬಡಿಯುತ್ತದಂತೆ. ಹೊರಡುವ ಮೊದಲು ಮೂರು ದಿನ ಮನೆಯಲ್ಲಿ ಒಗ್ಗರಣೆ ಬಂದ್. ರೊಟ್ಟಿ, ಮೊಸರು ಅಷ್ಟೇ. ಜಾಕೆಟ್ಟುಗಳನ್ನು ವಾಸನೆಯಿಲ್ಲದ ಸೋಪಿನಲ್ಲಿ ಒಗೆದು ಡೆಕ್ಕಿನ ಕಟಕಟೆಗೆ ಒಣಹಾಕಿದೆ. ಟೌನ್‌ಹೌಸ್ ಸಂಘದವರು ತಕ್ಷಣ ಇಮೇಲ್ ಕಳಿಸಿದರು, ಬಟ್ಟೆ ಹೊರಗೆ ಹಾಕಕೂಡದೆಂದು. ಜಿಂಕೆಗೂ ನಾವು ಬೇಡ, ಇವರಿಗೂ ಬೇಡ!

ನನಗೆ ಮುಂಜಾವಿನ ಕತ್ತಲಲ್ಲಿ ಹಳ್ಳಿರಸ್ತೆಯಲ್ಲಿ ಡ್ರೈವ್ ಮಾಡಲು ಭಯ. ನಮ್ಮ ಮುರಳೀಧರ ಅಂಕಲ್ ಇಲ್ಲವೇ, ಹರ್ನ್‌ಡನ್ನಿನವರು, ಮೈಸೂರಿನ ಅಪ್ಪಟ ಸಸ್ಯಾಹಾರಿ, ಅವರೇ ತಮ್ಮ ವ್ಯಾನ್ ತರುತ್ತೇನೆಂದರು. "ದಾನಪ್ಪ ಅವರು ವಾಪಸ್ ಕಾಡಿಗೆ ಹೋಗ್ತಾರೆ ಅಂದ್ರೆ ಡ್ರೈವ್ ಮಾಡ್ತೀನಿ. ಆದ್ರೆ ಅಕ್ಕಾವ್ರೇ, ನಾನು ಏನನ್ನೂ ನೋಡಲ್ಲ, ಈಗ್ಲೇ ಹೇಳ್ಬಿಟ್ಟಿದೀನಿ." ಅವರ ಹೆಂಡತಿ ಕಾತ್ಯಾಯಿನಿ ಆಂಟಿ ಒಳಗಿನಿಂದಲೇ ಕೂಗಿದರು: "ವ್ಯಾನ್ ಫುಲ್ ವಾಶ್ ಮಾಡಿಸ್ದೆ ಮನೆ ಒಳಗೆ ಕಾಲಿಟ್ರೆ ನೋಡಿ!"

ಬಂದೂಕಿನ ಸೀಸನ್ ಶುರುವಾದ ಶನಿವಾರವೇ ಹೋದೆವು. ಲೊರೇನ್ ಅಡುಗೆಮನೆಯ ದೀಪ ಹಚ್ಚಿಟ್ಟು ಕಾಯುತ್ತಿದ್ದರು. ಅಪ್ಪನನ್ನು ಕಂಡು ಎರಡೂ ಕೈಯಿಂದ ಅವರ ಬಲಗೈ ಹಿಡಿದುಕೊಂಡರು. ಮುರಳೀಧರ ಅಂಕಲ್ ವ್ಯಾನಿನಲ್ಲೇ ಉಳಿದರು. ನಾವಿಬ್ಬರೂ ಏರು ಹತ್ತಿ, ತೋಟದ ಅಂಚಿನಲ್ಲಿ ಬಟ್ಟೆಯ ಮರೆ ಕಟ್ಟಿದ ಪುಟ್ಟ ಡೇರೆಯಲ್ಲಿ ಕೂತೆವು. ನಿಮ್ಮಪ್ಪ ಮೂರು ಸಲ ನಿಂತು ದಣಿವಾರಿಸಿಕೊಂಡರು. ಬಿಡಲಿಲ್ಲ.

ಬೆಳಕು ಹರಿಯಿತು. ಹುಲ್ಲಿನ ಮೇಲೆಲ್ಲ ಇಬ್ಬನಿ ಬೆಳ್ಳಗೆ ಹೆಪ್ಪುಗಟ್ಟಿತ್ತು. ಮೊದಲು ಒಂದು ಹೆಣ್ಣುಜಿಂಕೆ ಬಂತು. ಹಿಂದೆಯೇ ಈ ವರ್ಷದ ಮರಿ. ನಾನು ಬಂದೂಕು ಎತ್ತಿದ್ದೆ. ಮೊಣಕಾಲಿಗೆ ಒಂದೇ ತಟ್ಟು ಬಿತ್ತು. ಇಳಿಸಿದೆ. ತಾಯಿ ಮಗು ಹಾಯಾಗಿ ಸೇಬು ತಿಂದು ಹೋದವು. ಒಂದು ತಾಸು ಕಳೆಯಿತು. ಕಾಲು ಜೋಮು ಹಿಡಿದು, ಇನ್ನೇನು ಸಾಕು ಎನ್ನಬೇಕು, ಆಗ ಪೊದೆಯಿಂದ ಮತ್ತೊಂದು ಹೆಣ್ಣು ಹೊರಬಂತು, ದಪ್ಪ, ಒಂಟಿ. ಪಕ್ಕಕ್ಕೆ ತಿರುಗಿ ನಿಂತಿತು. ನನ್ನ ಎದೆಬಡಿತ ಅದಕ್ಕೆ ಕೇಳೀತೇನೋ ಎನಿಸಿತು. ನಿಮ್ಮಪ್ಪ ತಟ್ಟಿದರು, ಎರಡು ಸಲ. ಉಸಿರು ಹಿಡಿದೆ, ಅರ್ಧ ಬಿಟ್ಟೆ. ಕಣ್ಣು ಮುಚ್ಚಲಿಲ್ಲ.

ಅದು ನಾಲ್ಕು ಹೆಜ್ಜೆ ಓಡಿ ಬಿತ್ತು. ನರಳಲಿಲ್ಲ. ಅದಕ್ಕೆ ನಾನು ಯಾವ ದೇವರಿಗೆ ಕೈಮುಗಿದೆನೋ ತಿಳಿಯದು. ಆಮೇಲೆ ಅಳು ಬಂತು, ತಡೆಯಲು ಆಗಲಿಲ್ಲ. ನಿಮ್ಮಪ್ಪ ಸಮಾಧಾನ ಮಾಡಲಿಲ್ಲ. "ಅಳು. ನಾನೂ ಮೊದಲನೇ ಸಲ ಅತ್ತಿದ್ದೆ. ಮನ್ಯಾಗ ಹೇಳಿರಲಿಲ್ಲ" ಅಂದರು. ಕೋಲು ಬಿಟ್ಟು ಮೊಣಕಾಲೂರಿ ಕೂತು, ಜಿಂಕೆಯ ಕುತ್ತಿಗೆಯ ಮೇಲೆ ಬಲಗೈ ಇಟ್ಟರು. ಎಡಗೈ ಅಲ್ಲ, ಬಲಗೈ. ಬೆರಳುಗಳು ರೋಮದೊಳಗೆ ಮೆಲ್ಲಗೆ ಅಲುಗಾಡಿದ್ದನ್ನು ನಾನು ಕಂಡೆ.

ಹೊಟ್ಟೆ ಬಗೆದು ಚೊಕ್ಕ ಮಾಡುವ ಕೆಲಸವನ್ನು ಅವರು ಹೇಳಿದ ಹಾಗೆ ನಾನೇ ಮಾಡಿದೆ. ಲ್ಯಾಬಿನಲ್ಲಿ ಇಪ್ಪತ್ತು ವರ್ಷ ರಕ್ತ ನೋಡಿದವಳಿಗೆ ಅದೇನೂ ಕಷ್ಟವಾಗಲಿಲ್ಲ. ಎಳೆಯಲು ಮುರಳೀಧರ ಅಂಕಲ್ ಬಂದರು. ನಾನು ಕೈ ತೊಳೆಯುವವರೆಗೆ ಬೆನ್ನು ತಿರುಗಿಸಿ ನಿಂತು, "ಆಹಾ, ಬ್ಲೂ ರಿಡ್ಜ್ ಇಲ್ಲಿಂದ ಎಷ್ಟು ಚೆನ್ನಾಗಿ ಕಾಣುತ್ತೆ!" ಎಂದು ಮಂಜು ಮುಸುಕಿದ ಬೆಟ್ಟವನ್ನು ಹೊಗಳುತ್ತಿದ್ದರು. ಅಲ್ಲಿ ಬೆಟ್ಟವೇ ಕಾಣುತ್ತಿರಲಿಲ್ಲ. ಆಮೇಲೆ ಅರೆಗಣ್ಣು ಮುಚ್ಚಿ, ಹಗ್ಗ ಹೆಗಲಿಗೆ ಹಾಕಿ, ನಮ್ಮಿಬ್ಬರ ಪಾಲನ್ನೂ ತಾವೇ ಎಳೆದರು. ಅಂಥ ಮನುಷ್ಯ.

ಕಸಾಯಿಯವನು ಕೊಯ್ದು ಪ್ಯಾಕ್ ಮಾಡಿಕೊಡಲು ಒಂದು ವಾರ ತೆಗೆದುಕೊಂಡ. ಬೆನ್ನಿನ ಮೆತ್ತನೆ ಮಾಂಸ ಲೊರೇನ್ ಅವರಿಗೆ ಕೊಟ್ಟೆ. ಅವರು ಒಂದು ಬುಟ್ಟಿ ಸೇಬು ತುಂಬಿಸಿ ಕಳಿಸಿದರು. ಪಕ್ಕದ ಮನೆ ನಮ್ರತಾ ನೆನಪಿದ್ದಾಳಲ್ಲ, ಬೆಳಗಾವಿಯವಳು? ಹೆಣ್ಣುಮಗು ಹೆತ್ತಿದ್ದಾಳೆ. ಅವಳ ತಾಯಿಗೆ ವೀಸಾ ಸಿಗಲಿಲ್ಲ. ಬಾಣಂತಿಗೆಂದು ಮೆಣಸು ಹಾಕಿ ಎಲುಬಿನ ಸಾರು ಮಾಡಿ ಒಯ್ದೆ. ಒಂದು ಗುಟುಕು ಕುಡಿದವಳೇ, "ಆಂಟಿ, ನಮ್ಮವ್ವ ಮಾಡಿಧಂಗ ಐತಿ" ಎಂದು ಕಣ್ಣು ಒರೆಸಿಕೊಂಡಳು. ಉಳಿದದ್ದರಲ್ಲಿ ಅರ್ಧವನ್ನು ಖೀಮಾ ಮಾಡಿಸಿ, ಹಸಿದವರಿಗೆ ಹಂಚುವ ಫುಡ್ ಪ್ಯಾಂಟ್ರಿಗೆ ಕೊಟ್ಟೆವು.

ಆ ಪ್ಯಾಂಟ್ರಿಯಲ್ಲಿ ಶನಿವಾರ ವಾಲಂಟಿಯರ್ ಮಾಡುವವರು ಯಾರು ಹೇಳು? ಕಾತ್ಯಾಯಿನಿ ಆಂಟಿ! ಮೊನ್ನೆ ಅಲ್ಲಿಂದಲೇ ಫೋನ್. "ರೀ, ಇಲ್ಲೊಬ್ಬರು ಅಜ್ಜಿ, ನಾಲ್ಕು ಮೊಮ್ಮಕ್ಕಳಂತೆ. ಇದನ್ನ ಹೇಗೆ ಕುಕ್ ಮಾಡೋದು ಅಂತ ನನ್ನ ಕೇಳ್ತಿದಾರೆ! ನಾನೇನ್ ಹೇಳ್ಲಿ? ಬೇಗ ಹೇಳಿ, ಲೈನ್ ನಿಂತಿದೆ." ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ, ಅವರು ಇಂಗ್ಲಿಷಿನಲ್ಲಿ ಅಜ್ಜಿಗೆ ಹೇಳುತ್ತಾ ಹೋದರು. ಜನ್ಮದಲ್ಲಿ ಮೊಟ್ಟೆ ಮುಟ್ಟದವರು, "ಬೆಳ್ಳುಳ್ಳಿ ಧಾರಾಳವಾಗಿ ಹಾಕ್ಬೇಕಂತೆ, ಸಣ್ಣ ಉರಿ ಇಡ್ಬೇಕಂತೆ" ಎಂದು ಅಧಿಕಾರದಿಂದ ಹೇಳುವುದನ್ನು ಕೇಳಿ ಇಲ್ಲಿ ನಿಮ್ಮಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು.

ನಿನ್ನ ಪಾಲೂ ಇದೆ. ಫ್ರೀಜರಿನ ತಳದಲ್ಲಿ ಇಟ್ಟಿದ್ದೇನೆ, ಯಾರಿಗೂ ಮುಟ್ಟಗೊಡುವುದಿಲ್ಲ. ಟ್ರೇನಿಂಗ್ ಮುಗಿಸಿ ಮೆಡಿಕ್ ಕೆಲಸ ಕಲಿಯಲು ಟೆಕ್ಸಸ್‌ಗೆ ಹೋಗುವ ಮೊದಲು ಕ್ರಿಸ್‌ಮಸ್ ರಜಕ್ಕೆ ನಿನ್ನನ್ನು ಮನೆಗೆ ಬಿಡುತ್ತಾರೆಂದು ಬರೆದಿದ್ದೀಯಲ್ಲ, ಬಂದಾಗ ಜೋಳದ ರೊಟ್ಟಿಯ ಜೊತೆ ಮಾಡಿಕೊಡುತ್ತೇನೆ.

ಹೊಟ್ಟೆ ತುಂಬ ಉಣ್ಣು. ಜೊತೆಯ ಹುಡುಗಿಯರಲ್ಲಿ ಹಿಂದೆ ಬಿದ್ದವರ ಕೈ ಹಿಡಿ. ನೀನು ಹಿಡಿದ ಕೆಲಸದಲ್ಲಿ ದೇವರು ನಿನ್ನನ್ನು ಗಟ್ಟಿಯಾಗಿ ನಿಲ್ಲಿಸಲಿ, ಆಯುಷ್ಯ ಆರೋಗ್ಯ ಕೊಡಲಿ, ಹೋದಲ್ಲೆಲ್ಲ ನಿನ್ನವರು ಎನ್ನುವ ನಾಲ್ಕು ಜನ ಸಿಗಲಿ.

ನಿನ್ನ ಪ್ರೀತಿಯ ಅವ್ವ,
ಮಹಾದೇವಕ್ಕ

ತಾ.ಕ.: ಪತ್ರ ಮಡಚಿದ್ದೆ. ನಿಮ್ಮಪ್ಪನೇ ಬಿಚ್ಚಿಸಿದರು. "ಬರಿ. ಅಕಿಗೆ ಎಲ್ಲಾ ಬರಿ" ಅಂದರು.

ಟ್ರೇನಿಂಗ್ ಮುಗಿಯುವಾಗ ಮನೆಯವರನ್ನು ಕರೆಸುವ ಫ್ಯಾಮಿಲಿ ಡೇಗೆ ಅಪ್ಪ ಬಾರದಿದ್ದರೂ ನನಗೆ ಅರ್ಥವಾಗುತ್ತದೆ, ಅವರ ಸಿಟ್ಟು ಇನ್ನೂ ಇಳಿದಿಲ್ಲ ಎಂದು ನೀನು ಬರೆದಿದ್ದೆ. ಜೂನಿನಲ್ಲಿ ನೀನು ಮನೆಗೆ ಬಂದು ಸೈನ್ಯ ಸೇರುತ್ತೇನೆಂದು ಹೇಳಿದಾಗ ಅವರು ಮಾತಾಡದೆ ಎದ್ದು ಗ್ಯಾರೇಜಿಗೆ ಹೋದದ್ದು, ನೀನು ಫೋನ್ ಮಾಡಿದಾಗಲೆಲ್ಲ ಬರದೇ ಇದ್ದದ್ದು, ಸಿಟ್ಟಿನಿಂದಲ್ಲ ಮಗಳೇ. ಆವತ್ತು ಅವರು ನಿನ್ನ ಹೆಸರು ಹಿಡಿದು ಕರೆದು, ಹೋಗಿ ಬಾ ಎನ್ನಲು ಬಾಯಿ ತೆರೆದಿದ್ದರು. ಹೆಸರು ಬರಲಿಲ್ಲ. ಲೊರೇನ್ ಹೆಸರು ಬರುತ್ತದೆ, ಮುರಳೀಧರರದು ಬರುತ್ತದೆ, ನಿನ್ನದೊಂದೇ ಬರುವುದಿಲ್ಲ. ನೀನು ಅಟ್ಲಾಂಟಾಕ್ಕೆ ಹೊರಟ ಮೇಲೆ ನಾನು ಹೋಗಿ ನೋಡಿದರೆ, "ಮಗಳ ಹೆಸರು ಕಳಕೊಂಡೆ" ಎಂದು ಅಳುತ್ತಾ ಕೂತಿದ್ದರು. ನಿನಗೆ ಹೇಳಬಾರದೆಂದು ನನ್ನಿಂದ ಆಣೆ ಮಾಡಿಸಿಕೊಂಡರು, ನಿನ್ನನ್ನು ಮತ್ತೆ ಕಾಣುವಷ್ಟರಲ್ಲಿ ಹೆಸರು ಬಂದೇ ಬರುತ್ತದೆಂಬ ಆಸೆಯಿಂದ. ಥೆರಪಿಸ್ಟ್ ಕೂಡ ಬರುತ್ತದೆ ಎನ್ನುತ್ತಾಳೆ. ಯಾವಾಗ ಎಂದು ಅವಳೂ ಹೇಳಲಾರಳು. ನೀನು ಫೋನ್ ಮಾಡಿದಾಗಲೆಲ್ಲ ಅವರು ನನ್ನ ಭುಜಕ್ಕೆ ಭುಜ ತಾಗಿಸಿ ನಿಂತು ನಿನ್ನ ದನಿ ಕೇಳಿದ್ದಾರೆ.

ಅವರು ಬರುತ್ತಾರೆ. ಮುರಳೀಧರ ಅಂಕಲ್ ವ್ಯಾನ್ ತೊಳೆಸಿ ಇಟ್ಟಿದ್ದಾರೆ. ಅಷ್ಟು ಜನರ ಮುಂದೆ ನಿನ್ನನ್ನು ನನ್ನ ಹೆಸರಿನಿಂದ ಕರೆದಾರು, ನಿಮ್ಮ ಸೋದರತ್ತೆಯ ಹೆಸರಿನಿಂದ ಕರೆದಾರು. ಯಾವ ಹೆಸರಿನಿಂದ ಕರೆದರೂ ನೀನು ಓ ಅನ್ನು.