ಬಸ್ಸು ಹತ್ತದ ಮಂಡಿ

ಭಾನುವಾರ, ಮಧ್ಯಾಹ್ನ

ಮುದ್ದು ಮಗಳೇ, ನನ್ನ ಸಿಟ್ಟಿನ ಮೂಟೆಯೇ,

ಫೋನು ಎತ್ತದೆ ಕೂತಿದ್ದೀಯಲ್ಲ, ಕೂತಿರು. ಬಾಯಿಂದ ಹೇಳಲಾಗದ್ದನ್ನು ಬರೆದು ಹೇಳುತ್ತೇನೆ, ನೀನು ನಡುವೆ ಬಾಯಿ ಹಾಕುವ ಹಾಗೂ ಇಲ್ಲ. ಹೆರಿಗೆಗೆ ಬಾಮ್ಮ ಅಂತ ನೀನು ಕರೆದಾಗಲೆಲ್ಲ ಮಂಡಿನೋವು ಅಂದೆ. ಹೊಲಿಗೆ ಕೆಲಸ ರಾಶಿ ಬಿದ್ದಿದೆ ಅಂದೆ. ಎಲ್ಲ ಕುಂಟು ನೆಪ. ಬಸ್ ನಿಲ್ದಾಣದಲ್ಲಿ ಬಾಂಬು ಸಿಡಿದ ದಿನ ನಾನು ಮನೆಯಲ್ಲಿದ್ದೆ ಅಂದಿದ್ದೂ ಸುಳ್ಳು. ಬಸುರಿ ಹುಡುಗಿ, ಹೆದರಿಕೊಂಡಾಳು ಅಂತ ಮುಚ್ಚಿಟ್ಟೆ.

ಅಂಗಿಯ ಗುಂಡಿ ತರಲು ಹೊರಟಿದ್ದೆ ಕಣೆ. ನಿಲ್ದಾಣದ ಒಂದು ತುದಿಯಲ್ಲಿ ಸಾಲಿನಲ್ಲಿ ನಿಂತಿದ್ದೆ. ಇನ್ನೊಂದು ತುದಿಯಲ್ಲಿ ಯಾರೋ ಇಟ್ಟುಹೋದ ಚೀಲ ಸಿಡಿಯಿತು. ನನ್ನ ಮೈಗೆ ಒಂದು ಗೀರೂ ಆಗಲಿಲ್ಲ. ಹಾಗಾಗಿ ಯಾರೂ ಏನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಗಾಯವೇ ಆಗದವಳು ಯಾವ ಮುಖ ಇಟ್ಟುಕೊಂಡು ಅಳಲಿ? ಸತ್ತವರ ಮನೆಯವರ ಮುಂದೆ ನನ್ನದು ಯಾವ ಲೆಕ್ಕ ಅಂತ ಸುಮ್ಮನಾದೆ. ಆಮೇಲೆ ಶುರುವಾಯಿತು ನೋಡು. ಗಾಳಿಗೆ ಬಾಗಿಲು ಬಡಿದರೂ ಬೆಚ್ಚಿಬೀಳುವುದು, ನಿದ್ದೆ ಹತ್ತದಿರುವುದು, ಬಸ್ಸು ಕಂಡರೆ ಮಂಡಿ ಕಳಚಿಕೊಂಡ ಹಾಗಾಗುವುದು.

ಮಂಡಿಗೆ ಮುಲಾಮು ಬರೆಸಿಕೊಳ್ಳೋಣ ಅಂತ ನಮ್ಮ ಡಾಕ್ಟರಮ್ಮನ ಹತ್ತಿರ ಹೋದೆ. ಅದೇ, ಚಿಕ್ಕಂದಿನಲ್ಲಿ ನೀನು ಚುಚ್ಚಮ್ಮ ಅಂತ ಹೆಸರಿಟ್ಟು ಮೇಜಿನ ಕೆಳಗೆ ಅಡಗುತ್ತಿದ್ದೆಯಲ್ಲ, ಅವರೇ. ಕೂದಲು ಪೂರ್ತಿ ನರೆತಿದೆ, ನಾಲಿಗೆ ಮಾತ್ರ ಇನ್ನೂ ಸೂಜಿ. ಬಸ್ಸು ಹತ್ತೋಕೆ ಮಂಡಿನೋವು ಬಿಡ್ತಿಲ್ಲ ಅಂದೆ. ಮಂಡಿಯನ್ನು ಮಡಿಸಿ, ಬಿಡಿಸಿ, ಒತ್ತಿ ನೋಡಿದರು. ಆಮೇಲೆ ಕನ್ನಡಕದ ಮೇಲಿಂದ ನನ್ನನ್ನು ನೋಡಿ, ಅಲ್ಲಮ್ಮಾ, ನನ್ನ ಕ್ಲಿನಿಕ್ಕು ಇರೋದು ಎರಡನೇ ಮಹಡೀಲಿ, ಮೆಟ್ಲು ಹತ್ಕೊಂಡೇ ಬಂದ್ರಿ, ಬಸ್ಸಿನ ಮೂರು ಮೆಟ್ಲಿಗೆ ಮಾತ್ರ ನೋಯುತ್ತಾ ಅಂತ ಕೇಳಿದರು. ಅಷ್ಟೇ ಸಾಕಾಯಿತು, ಕಟ್ಟೆಯೊಡೆದ ಹಾಗೆ ಅತ್ತು, ನಿಲ್ದಾಣದ್ದೆಲ್ಲ ಹೇಳಿಬಿಟ್ಟೆ. ಹೊರಗೆ ಬೆಂಚಿನ ತುಂಬ ಜನ ಕಾಯುತ್ತಿದ್ದರೂ ಅವರು ಗಡಿಯಾರ ನೋಡಲಿಲ್ಲ. ನಿಮ್ಮ ಮಂಡಿ ಸುಳ್ಳು ಹೇಳ್ತಿಲ್ಲ, ಇದು ಹುಚ್ಚೂ ಅಲ್ಲ, ಮೈಯಿಂದ ಭಯ ಇನ್ನೂ ಇಳಿದಿಲ್ಲ ಅಷ್ಟೆ. ವಾರಕ್ಕೊಂದ್ಸಲ ಬಂದು ಮಾತಾಡಿ, ಆಗ್ಲೂ ನಿದ್ದೆ ಬರದಿದ್ರೆ ಮನಸ್ಸಿನ ಡಾಕ್ಟರ ಹತ್ರ ನಾನೇ ಕರ್ಕೊಂಡು ಹೋಗ್ತೀನಿ ಅಂದರು.

ಮುಂದಿನ ವಾರ ಹೋದಾಗ, ನಂಗೊಂದು ಉಪಕಾರ ಮಾಡ್ತೀರಾ ಅಂತ ಅವರೇ ಕೇಳಿದರು. ನಿನ್ನ ಶಾಲೆಯ ಡ್ರಿಲ್ ಮಾಸ್ತರು ನೆನಪಿದ್ದಾರಲ್ಲ, ಬಾಗಿಲಿನಷ್ಟು ಎತ್ತರ, ಪೊರಕೆಯಂಥ ಮೀಸೆ? ಅವರೂ ಆ ದಿನ ನಿಲ್ದಾಣದಲ್ಲಿದ್ದರಂತೆ. ಒಬ್ರೇ ಬಸ್ಸು ಹತ್ತೋಕಾಗ್ತಿಲ್ಲ, ನೀವು ಜೊತೆಗಿದ್ರೆ ಹತ್ತೋಕೆ ಒಪ್ಪಿದಾರೆ ಅಂದರು. ಅಯ್ಯೋ ಪಾಪ ಅನ್ನಿಸಿತು. ಅಂಥ ಆಳೇ ಕಂಗೆಟ್ಟು ಕೂತಿರುವಾಗ ನಾನು ಹಿಂದೆ ಸರಿದರೆ ಹೇಗೆ?

ಮೊದಮೊದಲು ಬಸ್ ಸ್ಟಾಪಿನ ಬೆಂಚಿನಲ್ಲಿ ಕೂತು, ಹಾಗೇ ಎದ್ದು ಬಂದೆವು. ಒಂದು ದಿನ ಹತ್ತಿ, ಮುಂದಿನ ಸ್ಟಾಪಿನಲ್ಲೇ ಇಳಿದೆವು. ಅಷ್ಟಕ್ಕೇ ಮಾಸ್ತರ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಉಸಿರು ಎಳ್ಕೊಳ್ಳಿ, ಬಿಡಿ ಅಂತ ನಾನು ಗದರಿಸುತ್ತಿದ್ದೆ. ಊರ ಮಕ್ಕಳಿಗೆಲ್ಲ ಅದನ್ನೇ ಹೇಳಿಕೊಟ್ಟ ಮನುಷ್ಯ ತೆಪ್ಪಗೆ ಎಳೆದು ಬಿಡುತ್ತಿದ್ದರು.

ಹೋದ ಮಂಗಳವಾರ ಫಜೀತಿಯಾಯಿತು. ಮುಂದಿನ ಸೀಟಿನ ಮೇಲೆ ಒಂದು ಚೀಲ, ಪಕ್ಕದಲ್ಲಿ ಯಾರೂ ಇಲ್ಲ. ಮಾಸ್ತರೇ, ಚೀಲ ಅಂದೆ. ಅವರು ಜೇಬಿನಿಂದ ವಿಸಿಲ್ ತೆಗೆದು ಊದಿದರು ನೋಡು, ಬಸ್ಸು ಗಕ್ಕನೆ ನಿಂತಿತು! ಕಂಡಕ್ಟರ್ ಓಡಿಬಂದು, ಸ್ವಾಮೀ, ಅದು ನನ್ನ ಊಟದ ಡಬ್ಬಿ, ನಮ್ಮನೆಯವಳ ಅಡುಗೆ ಅಷ್ಟೊಂದು ಅಪಾಯ ಅಲ್ಲ ಅಂದ. ಬಸ್ಸಿಗೆ ಬಸ್ಸೇ ನಕ್ಕಿತು. ನಾವೂ ನಕ್ಕೆವು. ನಗುತ್ತ ನಗುತ್ತ ಮಾಸ್ತರು ಕಣ್ಣೊರೆಸಿಕೊಂಡರು.

ಇಳಿದ ಮೇಲೆ ಅವರು ತಡವರಿಸುತ್ತ, ಅಮ್ಮಾ, ನೀವೀಗ ಎಷ್ಟೋ ವಾಸಿ, ಪಾಪ ಆಕೆಗೆ ಬಸ್ಸಂದ್ರೆ ಭಯ, ನೀವು ಜೊತೆಗಿದ್ರೆ ಹತ್ತುತ್ತಾರೆ ಅಂತ ಹೇಳಿ ಡಾಕ್ಟರು ನನ್ನನ್ನ ಒಪ್ಪಿಸಿದ್ರು, ನಿಮಗೆ ಬೇಜಾರಾಗುತ್ತೆ ಅಂತ ಹೇಳಿರ್ಲಿಲ್ಲ ಅಂದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಇಬ್ಬರೂ ನೇರ ಕ್ಲಿನಿಕ್ಕಿಗೆ ಹೋಗಿ ನಿಂತೆವು. ಚುಚ್ಚಮ್ಮನಿಗೆ ನಾಚಿಕೆಯಾದರೂ ಆಗಬೇಡವೇ? ಇಬ್ರಿಗೂ ನಿಜಾನೇ ಹೇಳಿದ್ದೆ, ಇದ್ರಲ್ಲಿ ಸುಳ್ಳು ಯಾವ್ದು ತೋರಿಸಿ ಅಂದು, ಮುಂದಿನವರು ಬನ್ನಿ ಅಂತ ಕೂಗಿದರು.

ಹೆದರಿಕೆ ಪೂರ್ತಿ ಹೋಯಿತು ಅನ್ನಲಾರೆ. ಈಗಲೂ ಒಮ್ಮೊಮ್ಮೆ ನಿದ್ದೆಯಿಂದ ಎದ್ದು ಕೂರುತ್ತೇನೆ. ಆದರೆ ನಿನ್ನ ಹೆರಿಗೆಯ ಹೊತ್ತಿಗೆ ನಾನು ಹತ್ತಿರ ಇಲ್ಲದೆಹೋದರೆ ಆ ಸಂಕಟಕ್ಕೆ ಚುಚ್ಚಮ್ಮನ ಹತ್ತಿರವೂ ಮದ್ದಿಲ್ಲ. ನಾನು ನಿನಗೆ ಬೇಡವಾದೆ ಅಂತ ಅವತ್ತು ಫೋನಿನಲ್ಲಿ ಅತ್ತೆಯಲ್ಲ, ನೀನು ಬೇಡವಾದರೆ ನನಗೆ ಇನ್ನೇನು ಬೇಕೇ, ಹುಚ್ಚಿ? ನನ್ನ ಸುಳ್ಳುಗಳನ್ನು ಹೊಟ್ಟೆಗೆ ಹಾಕಿಕೋ. ಅಲ್ಲಿ ಈಗ ಜಾಗ ಕಡಿಮೆ ಅಂತ ಗೊತ್ತು, ಆದರೂ.

ನಿನ್ನ ಸುಳ್ಳುಬುರುಕಿ,
ಅಮ್ಮ

ತಾ.ಕ.: ಲಕೋಟೆಗೆ ಅಂಚೆಚೀಟಿ ಇಲ್ಲ, ನೋಡಿದೆಯಾ? ಇಷ್ಟನ್ನು ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ. ಮಾಸ್ತರು ನಿಲ್ದಾಣದವರೆಗೆ ಬಂದು ಕೈಬೀಸಿದರು, ಹತ್ತಿದ್ದು ನಾನೊಬ್ಬಳೇ. ಅಕ್ಷರ ಅಂಕುಡೊಂಕಾಗಿರುವುದಕ್ಕೆ ಅರ್ಧ ರಸ್ತೆ ಕಾರಣ, ಅರ್ಧ ನಾನು. ಎದುರಿನ ಸೀಟಿನ ಕೆಳಗೆ ಒಂದು ಚೀಲ ಇತ್ತು. ಯಾರದು ಅಂತ ಕೇಳಿದೆ. ನಂದು ಅಂತ ಒಬ್ಬರು ಅಂದರು. ಸರಿ ಅಂತ ಕೂತೆ. ಈ ಕಾಗದವನ್ನು ನಿನ್ನ ಬಾಗಿಲ ಸಂದಿಯಲ್ಲಿ ತೂರಿಸಿ ಹೊರಗೇ ನಿಂತಿರುತ್ತೇನೆ. ಓದಿದ್ದು ಮುಗಿದಿದ್ದರೆ ಬೇಗ ಬಾಗಿಲು ತೆಗಿ, ಮಂಡಿ ನೋಯುತ್ತಿರುತ್ತದೆ. ಈ ಸಲ ಬರೀ ಮಂಡಿನೋವು.