ತೊರವಿಯ ಬಾಗಿಲಲ್ಲಿ ಸತ್ತ ದನಗಳು

ನಿಡೋಣಿ
ಶ್ರಾವಣ ಶುದ್ಧ ತದಿಗೆ, ೧೯೪೩

ತಮ್ಮ ಗುರಲಿಂಗಪ್ಪನಿಗೆ ಅಕ್ಕ ರುದ್ರವ್ವ ಬರೆಯುವುದು. ಮೈಯಲ್ಲಿ ಆರಾಮ ಇದ್ದೇನೆ. ಮನಸ್ಸಿನ ಆರಾಮದ ಬಗ್ಗೆ ನೀನು ಕೇಳಬೇಡ.

ಪಂಚಮಿಗೆ ನನ್ನನ್ನು ಕರೆತರಲು ನೀನು ಕಳಿಸಿದ ಚಕ್ಕಡಿ ನಿನ್ನೆ ಬಂತು. ಹೊಡೆದುಕೊಂಡು ಬಂದವನು ನಿನ್ನ ಹತ್ತಿ ವಖಾರಿ ಕಾಯುವ ಲಾಡಲೇಸಾಬ. ಇಳಕಲ್ ಸೀರೆಯನ್ನೂ ಉಂಡಿಯ ಬುಟ್ಟಿಯನ್ನೂ ಕೆಳಗಿಳಿಸಿ, ರುಮಾಲು ಸರಿಮಾಡಿಕೊಂಡು, ನೆಲ ನೋಡುತ್ತಲೇ ನಿನ್ನ ಮಾತು ಒಪ್ಪಿಸಿದ. "ಅವ್ವಾರ, ಬರೂಮುಂದ ಮಠಕ್ಕ ಹೋಗಿ ಶುದ್ಧಾ ಮಾಡಿಸಿಕೊಂಡು ಬರಬೇಕಂತ್ರಿ. ನೀವು ಇಲ್ಲಿ ಕೇರ್ಯಾಗ ಉಂಡೀರಿ ಅಂತ ತೊರವಿ ತುಂಬ ಸುದ್ದಿ ಆಗೇತ್ರಿ. ಹಂಗ ಬಂದ್ರ ಮನೀ ಮರ್ಯಾದಿ ಹೋಗ್ತೈತಿ ಅಂದಾರ್ರಿ ಸಾವುಕಾರ್ರು."

ಉಂಡದ್ದು ನಿಜ. ಇವತ್ತೂ ಉಂಡಿದ್ದೇನೆ. ಶುದ್ಧವಾಗಬೇಕಾದವರು ಯಾರು ಎಂದು ನಿನಗೆ ಸಾವಧಾನವಾಗಿ ಹೇಳಬೇಕಾಗಿದೆ. ಅಪ್ಪ ನಮ್ಮಿಬ್ಬರನ್ನೂ ಕೂಡಿಸಿ ಒಂದೇ ಪಾಟಿಯ ಮೇಲೆ ಅಕ್ಷರ ತಿದ್ದಿಸಿದ್ದು ಒಳ್ಳೆಯದೇ ಆಯಿತು. ಈ ಮಾತುಗಳನ್ನು ಬೇರೆಯವರ ಕೈಯಿಂದ ಬರೆಸಲು ನನಗೆ ನಾಚಿಕೆಯಾಗುತ್ತಿತ್ತು.

ನನ್ನ ಹಿಂಡು ಎಲ್ಲಿಂದ ಬಂದದ್ದೆಂದು ಮರೆತಿದ್ದೀಯಾ? ನನ್ನ ಲಗ್ನದಲ್ಲಿ ಅಪ್ಪ ಒಂದು ಖಿಲಾರಿ ಆಕಳನ್ನೂ ಅದರ ಬೆನ್ನಿಗೆ ಬಿದ್ದ ಹೆಣ್ಣುಗರುವನ್ನೂ ನನ್ನ ಗಂಡನ ಊರು ಘೋಣಸಗಿಗೆ ಹೊಡೆದು ಕಳಿಸಿದರು. ಬಂಗಾರ ಕೊಡುವ ಶಕ್ತಿ ಇದ್ದರೂ ದನವನ್ನೇ ಕೊಟ್ಟರು. ಆ ಎರಡರಿಂದ ಬೆಳೆದದ್ದು ಎಲ್ಲವೂ. ನನ್ನ ಗಂಡ ತೀರಿಕೊಂಡ ಮೇಲೆ ಹೊಲ ಪಾಲಾಗಿ ನನಗೊಂದು ತುಣುಕು ಬಂತು, ದನ ಮಾತ್ರ ಎಲ್ಲವೂ ನನ್ನ ಹತ್ತಿರ ಉಳಿದವು. ನನ್ನ ಕೊಟ್ಟಿಗೆಯ ಹೋರಿಗಳನ್ನು ಕೊಳ್ಳಲು ಜತ್ತ, ಸೋಲಾಪುರದ ಕಡೆಯಿಂದ ರೈತರು ಬರುತ್ತಿದ್ದರು. ಗಂಡಸರ ಜೊತೆ ಕುಳಿತು ಹಲ್ಲು ನೋಡಿ, ಸುಳಿ ನೋಡಿ, ಟವಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಮಾಡುವ ಹೆಂಗಸು ಟಿಕೋಟಾ ಸಂತೆಯಲ್ಲಿ ನಾನೊಬ್ಬಳೇ. ಅದಕ್ಕೆ ನೀನೂ ಹೆಮ್ಮೆಪಟ್ಟವನೇ, ಒಂದು ಕಾಲಕ್ಕೆ.

ಹೋದ ವರ್ಷದ ಮುಗಿಲಿನ ಬಗ್ಗೆ ನಿನಗೆ ಹೇಳಿ ತಿಳಿಸಬೇಕಾಗಿಲ್ಲ. ಮೃಗಶಿರೆಯಲ್ಲಿ ಬರಬೇಕಾದ ಮಳೆ ಬರಲಿಲ್ಲ. ಬರೀ ಗಾಳಿ ಬೀಸಿತು. ಇನ್ನು ಬರುವುದಿಲ್ಲ ಎಂದು ಊರು ಕೈಚೆಲ್ಲಿ ಕುಳಿತಾಗ ಉತ್ತರೆಯಲ್ಲಿ ಒಮ್ಮೆಲೇ ಸುರಿದು, ಬಿತ್ತಿದ್ದನ್ನೆಲ್ಲ ಹಳ್ಳಕ್ಕೆ ಒಯ್ದಿತು. ಮತ್ತೆ ಬಿತ್ತಿದೆವು. ಜೋಳ ಹೇಗೋ ಮೊಳಕಾಲು ದಾಟಿ ಎದೆಮಟ್ಟ ಬಂತು. ಕೊಯ್ದು ಮೇವಿನ ಕಣಿಕೆಯನ್ನು ಹೊಲದಲ್ಲೇ ಒಣಗಲು ಹಾಕಿದ್ದೆವು. ಪುಷ್ಯಮಾಸದಲ್ಲಿ ಯಾರಾದರೂ ಮಳೆ ಕಂಡಿದ್ದಾರೆಯೇ? ಆ ಸಲ ಬಂತು. ಜಿಟಿಜಿಟಿ ಹಿಡಿದು ಬಿಡಲೇ ಇಲ್ಲ. ಕಣಿಕೆ ಕಪ್ಪಾಗಿ ಬೂಸಲು ಹಿಡಿಯಿತು. ದನಗಳು ಮೂಸಿ ನೋಡಿ ಮುಖ ತಿರುಗಿಸಿದವು. ಮೇವಿಲ್ಲದೆ ಉಪವಾಸ ಬೀಳುವುದು ಒಂದು. ಮೇವು ಮುಂದೆ ಬಿದ್ದಿದ್ದೂ ತಿನ್ನಲಾರದೆ ನಿಲ್ಲುವ ದನದ ಕಣ್ಣು ನೋಡುವುದು ಇನ್ನೊಂದು. ಅಷ್ಟರಲ್ಲಿ ಚೈತ್ರದ ಬಿಸಿಲು ಹೊತ್ತಿಕೊಂಡಿತು. ಪಕ್ಕೆಲುಬು ಎಣಿಸುವ ಹಾಗೆ ಆದವು.

ಮಾರಿಬಿಡು ಎಂದರು ಎಲ್ಲರೂ. ಯುದ್ಧದ ಪಲ್ಟಣಿನ ಊಟಕ್ಕೆ ದನ ಕೊಳ್ಳುವ ದಲಾಲರು ಊರೂರು ತಿರುಗುತ್ತಿದ್ದರು. ಕಟುಕರಿಗೆ ಕೊಡುವುದಕ್ಕಾಗಿ ಅಪ್ಪನ ದನ ಸಾಕಿದೆನೇ ಎಂದು ನಾನು ಅವರನ್ನು ಕಟ್ಟೆ ಹತ್ತಗೊಡಲಿಲ್ಲ. ಆಗ ನೀನು ಬಂದೆ, ನೆನಪಿದೆಯೇ? ನನ್ನ ಕಟ್ಟೆಯ ಮೇಲೆ ಕುಳಿತು ಮಜ್ಜಿಗೆ ಕುಡಿದು ಹೇಳಿದೆ. "ಯಕ್ಕಾ, ಹೊಡಕೊಂಡು ಬಾ ತೊರವಿಗೆ. ಹತ್ತಿ ಎಲ್ಲಾ ಜಿನ್ನಿಗೆ ಹೋಗೇತಿ, ವಖಾರಿ ಖಾಲಿ ಬಿದ್ದೈತಿ. ಹಳೇ ಕಣಿಕಿ ಬಣಿವಿ ಐತಿ. ನೀ ಏನ್ ಹೊರಗಿನಾಕಿ ಏನ?" ಆ ಮಾತು ಕೇಳಿ ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ನನ್ನ ದನ ಕಾಯುವ ಅಮೋಘಿಯೂ "ತವರ ಮನಿ ಅಂದ್ರ ಹಿಂಗಿರಬೇಕು ನೋಡ್ರಿ ಅವ್ವಾರ" ಎಂದು ನಿನ್ನ ಕಾಲು ಮುಟ್ಟಿದ.

ನಿನ್ನ ಮಾತು ನಂಬಿಯೇ ಹೊರಟೆವು. ನಿತ್ರಾಣ ದನ, ನಡೆದದ್ದಕ್ಕಿಂತ ನಿಂತದ್ದೇ ಹೆಚ್ಚು. ತೊರವಿಯ ಹತ್ತಿರ ಬಂದ ದಿನ ಬೆಳಗ್ಗೆ ಮುಗಿಲು ಕನ್ನಡಿಯ ಹಾಗಿತ್ತು. ಮಳೆಯ ಸುಳಿವೇ ಇಲ್ಲ ಎಂದು ಅಮೋಘಿ ತನ್ನ ಕಂಬಳಿಯನ್ನು ಒಂದು ಕರುವಿಗೆ ಹೊದಿಸಿ ನಡೆಸಿದ. ನನಗೂ ಹಾಗೇ ಅನ್ನಿಸಿತ್ತು. ಮಧ್ಯಾಹ್ನದ ಹೊತ್ತಿಗೆ ಪಡುವಣದಲ್ಲಿ ಧೂಳೆದ್ದು ಹಗಲು ಹಳದಿಯಾಯಿತು. ನಿನ್ನ ವಖಾರಿಯ ಗೋಡೆ ಕಂಡಾಗ ನಾನು ನಿಜವಾಗಿಯೂ ಕೈಮುಗಿದೆ. ಬಂದುಬಿಟ್ಟೆವು ಎಂದುಕೊಂಡೆ.

ದೊಡ್ಡ ಬಾಗಿಲು ಹಾಕಿತ್ತು. ಬಡಿದೆ. ಲಾಡಲೇಸಾಬ ದಿಡ್ಡಿ ಬಾಗಿಲಷ್ಟೇ ತೆರೆದು ಮುಖ ಹಾಕಿದ. "ಅವ್ವಾರ, ನೀವು ಒಳಗ ಬರ್ರಿ. ದನಾ ಬಿಡಬ್ಯಾಡ ಅಂದಾರ್ರಿ. ಒಳಗ ಸಾಹೇಬ್ರ ಊಟ ನಡದೈತ್ರಿ." ಹಾಗಾದರೆ ಸಾವುಕಾರನನ್ನೇ ಕರೆ ಎಂದೆ. ನೀನು ಬಂದೆ. ಜರಿಯ ರುಮಾಲು, ಕೈಯಲ್ಲಿ ಅತ್ತರಿನ ಶೀಶೆ. ನಿನ್ನ ಬೆನ್ನ ಹಿಂದೆ ನನಗೆ ಕಂಡದ್ದು ಸುಣ್ಣ ಬಳಿದ ಖಾಲಿ ವಖಾರಿ, ಅದರ ಒಂದು ಮೂಲೆಯಲ್ಲಿ ಜಮಖಾನೆ ಹಾಸಿ ಊಟಕ್ಕೆ ಕುಳಿತ ನಾಲ್ಕೆಂಟು ಜನ. ಉಳಿದ ಜಾಗವೆಲ್ಲ ಬಯಲು ಬಿದ್ದಿತ್ತು. ಊಟ ಯಾತಕ್ಕೆಂದು ನೀನೇ ಪಿಸುಗುಟ್ಟಿದೆ. ಬರಗಾಲದಲ್ಲಿ ದನ ಉಳಿಸಲು ಸರಕಾರದ ಸಾಹೇಬರು ಕಮಿಟಿ ಮಾಡುತ್ತಾರಂತೆ, ಅದಕ್ಕೆ ನಿನ್ನನ್ನು ಮುಖ್ಯಸ್ಥನನ್ನಾಗಿ ಮಾಡುತ್ತಾರಂತೆ. "ಯಕ್ಕಾ, ಒಂದೀಟು ತಡಕೋ. ಊಟಾ ಮುಗದ ಕೂಡ್ಲೆ ಬಾಗಲಾ ತಗಸ್ತೀನಿ. ಈಗ ದನಾ ಹೊಕ್ರ ಸಗಣಿ ನಾತ ಹೊಡೀತೈತಿ, ನನ್ನ ಮಾನಾ ಹೋಗ್ತೈತಿ." ಹೀಗೆಂದು ನೀನು ದಿಡ್ಡಿ ಬಾಗಿಲು ಎಳೆದುಕೊಂಡೆ. ಅಗಳಿ ಬಿದ್ದ ಸದ್ದು ನನಗೆ ಕೇಳಿಸಿತು.

ನೀನು ತಿರುಗಿ ಎಲೆಯ ಮುಂದೆ ಕೂಡುವಷ್ಟರಲ್ಲಿ ಮೊದಲ ಆಣೆಕಲ್ಲು ಬಿತ್ತು.

ತಮ್ಮಾ, ಒಳಗೆ ತಗಡಿನ ಮೇಲೆ ಆ ಸದ್ದು ಎಷ್ಟಿತ್ತೆಂದು ನಿನಗೆ ಗೊತ್ತು. ಹೊರಗೆ ಅದು ಬೆನ್ನಿನ ಮೇಲೆ ಬೀಳುತ್ತಿತ್ತು. ನಿಂಬೆಹಣ್ಣಿನ ಗಾತ್ರದ ಕಲ್ಲು. ಬೆಳಗಿನಿಂದ ಬಿಸಿಲಲ್ಲಿ ಕಾದ ಮೈ, ಒಳಗೆ ಹಿಡಿ ಮೇವಿಲ್ಲದ ಹೊಟ್ಟೆ, ಅದರ ಮೇಲೆ ಹಿಮದಂಥ ನೀರು. ದನಗಳು ಗಾಳಿಗೆ ಬೆನ್ನು ಕೊಟ್ಟು ಬಾಗಿಲಿಗೇ ಒತ್ತಿ ನಿಂತವು. ಅಲ್ಲಿ ಆಸರೆ ಇದೆಯೆಂದು ಅವಕ್ಕೂ ಅನ್ನಿಸಿರಬೇಕು. ಹಿಂದಿನವು ತಳ್ಳಿದಾಗ ಮುಂದಿನವು ಬಿದ್ದವು. ಬಿದ್ದವು ಏಳಲಿಲ್ಲ. ನಾನು ಬಾಗಿಲು ಗುದ್ದಿದೆ, ನಿನ್ನ ಹೆಸರು ಹಿಡಿದು ಕೂಗಿದೆ. "ಲೇ ಗುರಲಿಂಗ್ಯಾ, ಅಪ್ಪನ ದನಾ ಸಾಯಾಕತ್ತಾವ, ಬಾಗಲಾ ತಗಿಯೋ!" ಅಮೋಘಿ ಗಬ್ಬದ ಆಕಳ ತಲೆಯನ್ನು ತನ್ನ ಎದೆಗೆ ಅವಚಿಕೊಂಡು ಅದರ ಮೇಲೆ ಬಗ್ಗಿ ನಿಂತುಬಿಟ್ಟಿದ್ದ. ಅವನ ಹೆಗಲು ಒಡೆದು ಅಂಗಿ ಕೆಂಪಾಗಿತ್ತು. ದಿಡ್ಡಿ ಬಾಗಿಲಿನೊಳಗಿಂದ ಲಾಡಲೇಸಾಬ ಅಳುತ್ತಿದ್ದ. "ನೀವರ ಒಳಗ ಬರ್ರಿ ಅವ್ವಾರ, ದೊಡ್ಡ ಬಾಗಲದ ಕೀಲಿ ನನ್ನ ಕಡೆ ಇಲ್ಲರಿ." ನಾನು ಹೋಗಲಿಲ್ಲ. ದನ ಹೊರಗೆ ನಿಲ್ಲಿಸಿ ನಾನು ಒಳಗೆ ಹೋಗಿ ಯಾವ ಮುಖದಿಂದ ಬದುಕಲಿ?

ಸುರಿದಷ್ಟೇ ಬೇಗ ನಿಂತಿತು. ಸಂಜೆಗೆ ಬಿಸಿಲೂ ಬಿತ್ತು. ಅದೊಂದು ಚೇಷ್ಟೆಯ ಹಾಗೆ, ಒದ್ದೆ ಗೋಡೆಯ ಮೇಲೆ ಚಿನ್ನದ ಬಿಸಿಲು. ಆಗ ದೊಡ್ಡ ಬಾಗಿಲು ತೆರೆಯಿತು. ಹಿಂಡಿನ ಅರ್ಧಕ್ಕಿಂತ ಹೆಚ್ಚು ದನ ಅಲ್ಲಿ ಅಡ್ಡಡ್ಡ ಬಿದ್ದಿದ್ದವು. ಸಾಹೇಬರು ಬೂಟಿಗೆ ಕೆಸರು ತಾಗದ ಹಾಗೆ ಅವುಗಳ ನಡುವೆ ಹೆಜ್ಜೆ ಹುಡುಕಿ ನಡೆದರು. ನೀನು ಅವರಿಗೆ ಹೇಳಿದ್ದನ್ನು ನಾನು ಈ ಕಿವಿಯಿಂದ ಕೇಳಿದೆ. "ಭಾಳ ಕೆಟ್ಟ ಮಳಿ ಆತ್ರಿ ಸಾಹೇಬ್ರ. ದೈವದ ಮುಂದ ನಮ್ಮದೇನ್ ನಡೀತೈತ್ರಿ." ಸಾಹೇಬರು ಪಾಪ ಎಂದರು. ನಿನ್ನ ಹೆಂಡತಿ ನೀಲಾಬಾಯಿ ಹಿತ್ತಲಿನಿಂದ ಓಡಿ ಬಂದು ಅರಿಸಿನ ಎಣ್ಣೆ ಕಲಸಿ ಅಮೋಘಿಯ ಹೆಗಲಿಗೆ ಹಚ್ಚಿದಳು. "ನನ್ನ ಮಾತು ಯಾರ್ ಕೇಳ್ತಾರ್ರಿ ಅಕ್ಕಾರ" ಎಂದು ಬಿಕ್ಕಿದಳು. ಆ ದಿನ ನಿನ್ನ ಮನೆಯಿಂದ ನನಗೆ ಸಿಕ್ಕ ಕರುಣೆ ಅಷ್ಟೇ. ನೀನು ಕೊಟ್ಟ ಕಣಿಕೆ ನಾನು ಮುಟ್ಟಲಿಲ್ಲ. ಉಳಿದವನ್ನು ಎಬ್ಬಿಸಿಕೊಂಡು ಡೋಣಿ ಹೊಳೆಯ ಕಡೆ ನಡೆದೆ. ದಂಡೆಯಲ್ಲಿ ಹುಲ್ಲಿನ ಬೇರಾದರೂ ಸಿಕ್ಕೀತು ಎಂಬ ಒಂದೇ ಆಸೆ.

ನಿಡೋಣಿಗೆ ಬಂದ ದಿನ ಮತ್ತೆ ತಣ್ಣನೆ ಗಾಳಿ, ಮತ್ತೆ ಹನಿ. ದೊಡ್ಡ ಮನೆಗಳ ಕೊಟ್ಟಿಗೆಗಳು ಅವರವರ ದನಗಳಿಂದಲೇ ತುಂಬಿದ್ದವು. ಅವರನ್ನು ನಾನು ಬೈಯುವುದಿಲ್ಲ. ಊರ ಹೊರಗೆ ಕೇರಿಯಲ್ಲಿ ಶಾಂತಪ್ಪ, ಸತ್ಯವ್ವ ಎಂಬ ಗಂಡಹೆಂಡಿರ ಮನೆಗೆ ಒಂದು ಕಲ್ಲಿನ ಕೊಟ್ಟಿಗೆ ಇತ್ತು. ಸತ್ಯವ್ವ ತನ್ನ ಆಡುಗಳನ್ನು ಎಳೆದೊಯ್ದು ಅಡುಗೆಮನೆಯಲ್ಲಿ ಕಟ್ಟಿ ಬಂದು, ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ಗದರಿದಳು. "ಎಷ್ಟೊತ್ತು ನಿಂದರ್ತೀರಿ ಎವ್ವಾ? ದನಾ ನಡಗಾಕತ್ತಾವ, ಒಳಗ ಹೊಡ್ರಿ. ಆದ್ರ ಸಗಣಿ ನಂದು, ಈಗ ಹೇಳೇನಿ ನೋಡ್ರಿ." ನಾನು ಹೊಸ್ತಿಲ ಮುಂದೆ ಹಿಂದೆಮುಂದೆ ನೋಡಿದೆ, ಸುಳ್ಳು ಹೇಳುವುದಿಲ್ಲ. ನಿನ್ನ ಹಾಗೆಯೇ ಬೆಳೆದವಳಲ್ಲವೇ. ಗಬ್ಬದ ಆಕಳು ನನ್ನನ್ನು ಕೇಳಲಿಲ್ಲ. ತಲೆ ಬಗ್ಗಿಸಿ ನಡೆದೇಬಿಟ್ಟಿತು. ಅದರ ಹಿಂದೆ ಉಳಿದವು, ಅವುಗಳ ಹಿಂದೆ ನಾನು.

ಸತ್ಯವ್ವ ದೇವತೆಯೇನಲ್ಲ. ದಿನಕ್ಕೆ ಒಮ್ಮೆಯಾದರೂ ನನ್ನ ಜೊತೆ ಜಗಳ ತೆಗೆಯುತ್ತಾಳೆ. ಹಾಲಿನಲ್ಲಿ ಪಾಲು ಕೇಳಿ ತೆಗೆದುಕೊಳ್ಳುತ್ತಾಳೆ. ಆದರೆ ಮಳೆ ಬರುತ್ತಿತ್ತು, ದನ ಹೊರಗಿದ್ದವು, ಅವಳು ಬಾಗಿಲು ತೆರೆದಳು. ಅವಳ ರೊಟ್ಟಿ ಉಂಡದ್ದಕ್ಕೆ ನಾನು ಶುದ್ಧವಾಗಬೇಕೇ? ಆ ಮನೆಯಲ್ಲಿ ನಿಂತ ಒಂದು ದನವೂ ಸಾಯಲಿಲ್ಲ. ಈ ಸಲ ಮೃಗಶಿರೆ ಸರಿಯಾದ ಹೊತ್ತಿಗೆ ಬಂತು. ಡೋಣಿಯ ದಂಡೆ ಹಸಿರಾಗಿದೆ. ಗಬ್ಬದ ಆಕಳು ಹೋರಿಗರು ಹಾಕಿದೆ. ಅಮೋಘಿಯ ಬಲಗೈ ಮೇಲಕ್ಕೆ ಏಳುವುದಿಲ್ಲ, ಎಡಗೈಯಲ್ಲೇ ಹಿಂಡು ತಿರುಗಿಸುತ್ತಾನೆ.

ಇಷ್ಟಕ್ಕೇ ನಾನು ಸುಮ್ಮನಾಗುತ್ತಿದ್ದೆನೇನೋ. ಆದರೆ ಹೋದ ವಾರ ಬಬಲೇಶ್ವರದಲ್ಲಿ ನಿನ್ನ ಕಮಿಟಿಯ ಸಭೆಯಾಯಿತು. ಅಮೋಘಿ ಹೋಗಿದ್ದ. ನೀನು ಹಾರ ಹಾಕಿಸಿಕೊಂಡು ನಿಂತು ಆಡಿದ ಮಾತನ್ನು ಬಂದು ನನಗೆ ಹೇಳಿದ. "ನಮ್ಮ ಅಕ್ಕನ ದನಾನೂ ಹೋಗ್ಯಾವ್ರಿ. ನಿಮ್ಮ ಸಂಕಟ ನನಗ ಗೊತ್ತೈತಿ. ಮುಗಿಲಿನ ಮುಂದ ಯಾರ ಆಟಾ ನಡೀತೈತಿ?" ಜನ ಲೊಚಗುಟ್ಟಿದರಂತೆ. ನಿನ್ನ ಬಾಗಿಲಲ್ಲಿ ಸತ್ತ ನನ್ನ ದನಗಳ ಮೇಲೆ ನಿಂತು ನೀನು ಮರುಕ ಗಿಟ್ಟಿಸಿಕೊಂಡೆಯಲ್ಲೋ!

ಮುಗಿಲಿನ ಮೇಲೆ ಹಾಕಬೇಡ ಗುರಲಿಂಗಪ್ಪ. ಮುಗಿಲನ್ನು ನಂಬಬೇಕೆಂದು ನಿನಗೆ ಯಾರು ಹೇಳಿದರು? ಅದು ನಂಬಿಕೆಗೆ ಬರುವುದಿಲ್ಲ ಅಂತಲೇ ಮನುಷ್ಯ ಗೋಡೆ ಕಟ್ಟಿದ, ತಗಡು ಹೊದಿಸಿದ, ಬಣವೆ ಒಟ್ಟಿದ. ಅದಕ್ಕೇ ಅಕ್ಕನಿಗೆ ತಮ್ಮ, ತಮ್ಮನಿಗೆ ಅಕ್ಕ. ಆಣೆಕಲ್ಲು ಯಾರ ಮೇಲೆ ಬೀಳಲಿ ಎಂದು ಕೇಳಿ ಬೀಳುವುದಿಲ್ಲ. ಬಾಗಿಲು ಹಾಗಲ್ಲ. ಅದನ್ನು ಒಬ್ಬ ಮನುಷ್ಯ ಕೈಯಾರೆ ಹಾಕುತ್ತಾನೆ.

ಸೀರೆಯನ್ನೂ ಬುಟ್ಟಿಯನ್ನೂ ಬಿಚ್ಚದೆ ಚಕ್ಕಡಿಯಲ್ಲಿ ಇಡಿಸಿದ್ದೇನೆ. ಲಾಡಲೇಸಾಬನನ್ನು ಬೈಯಬೇಡ, ಅವನು ಅಂಗಲಾಚಿ ಕೇಳಿದ, ನಾನೇ ಒಪ್ಪಲಿಲ್ಲ. ನಾನು ಬರಬೇಕೆಂದು ನಿನಗೆ ನಿಜವಾಗಿಯೂ ಇದ್ದರೆ ಒಂದು ಕೆಲಸ ಮಾಡು. ಟಿಕೋಟಾದಲ್ಲಾಗಲಿ ವಿಜಾಪುರದಲ್ಲಾಗಲಿ, ಮುಂದಿನ ಸಭೆಯಲ್ಲಿ ಎದ್ದು ನಿಂತು, ದನ ಹೇಗೆ ಸತ್ತವು ಎಂದು ಇದ್ದದ್ದು ಇದ್ದ ಹಾಗೆ ಹೇಳು. ಸಾಹೇಬರ ಎದುರಿಗೇ ಹೇಳು. ಹೇಳಿದ್ದು ಕಿವಿಗೆ ಬಿದ್ದ ದಿನ ಚಕ್ಕಡಿ ಬೇಡ, ನಾನೇ ನಡೆದು ಬರುತ್ತೇನೆ. ನಿನ್ನ ಮಕ್ಕಳನ್ನು ಜೋಕಾಲಿಯಲ್ಲಿ ತೂಗುತ್ತೇನೆ. ಅಲ್ಲಿಯವರೆಗೆ ನನಗೆ ಪಂಚಮಿ ಇಲ್ಲೇ.

ನೀಲಾಬಾಯಿಯ ಹೊಟ್ಟೆ ತಣ್ಣಗಿರಲಿ. ಮಕ್ಕಳು ರೋಗವಿಲ್ಲದೆ ಬೆಳೆಯಲಿ. ಅಪ್ಪನ ಮನೆಯಲ್ಲಿ ಕಾಳುಕಡಿ ತುಂಬಿರಲಿ. ನಿನಗೆ ಮಾತ್ರ ಬೇರೆ ಏನೂ ಬೇಡುವುದಿಲ್ಲ ತಮ್ಮಾ, ನಿನಗೆ ನಾಚಿಕೆ ಬರಲಿ. ಹಿರಿಯಳಾಗಿ ನಾನು ಮಾಡುವ ಆಶೀರ್ವಾದ ಅದೊಂದೇ.

ನಿನ್ನ ಒಡಹುಟ್ಟಿದ ಅಕ್ಕ,
ರುದ್ರವ್ವ